ಬಾಗಿಲಕ್ಕ ಕೀಲಿಗೆ ಉಪ್ಪುನೀರು ಹಚ್ಚುವುದೇಕೆ?

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೋರ್ಟಿನ ಉದ್ದನೆಯ ಹಜಾರದಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಕಸ ಗುಡಿಸುವವರೂ ಬಂದಿಲ್ಲ. ನ್ಯಾಯಾಧೀಶರ ಚೇಂಬರಿನ ಮುಂದೆ ಹೆಂಗಸೊಬ್ಬರು ಸ್ಟೂಲು ಹತ್ತಿ ನಿಂತಿದ್ದಾರೆ. ಹಳೆಯ ಬಟ್ಟೆಯ ಚೂರೊಂದನ್ನು ಲೋಟದಲ್ಲಿ ಅದ್ದಿ ಬಾಗಿಲು ತಿರುಗುವ ಮೇಲಿನ ಕೀಲಿಗೆ ಒತ್ತುತ್ತಿದ್ದಾರೆ. ಎಣ್ಣೆ ಬಿಡುತ್ತಿರಬೇಕು ಅಂದುಕೊಂಡು ಹತ್ತಿರ ಹೋಗಿ ಇಣುಕುತ್ತೇನೆ. ಎಣ್ಣೆಯಲ್ಲ.

"ಉಪ್ಪುನೀರು," ಎನ್ನುತ್ತಾರೆ, ನನ್ನತ್ತ ತಿರುಗದೆ. "ಆ ಸ್ಟೂಲು ಸ್ವಲ್ಪ ಹಿಡ್ಕೊಳ್ಳಿ, ಅಲ್ಲಾಡುತ್ತೆ."

ಹಿಡಿದುಕೊಳ್ಳುತ್ತೇನೆ. ಲೋಕದಲ್ಲಿ ಎಲ್ಲರೂ ಬಾಗಿಲಿನ ಕೀಲಿಗೆ ಎಣ್ಣೆ ಹಾಕಿದರೆ ಈ ತಾಯಿ ತುಕ್ಕು ಹಿಡಿಸಲು ಬೆಳಗಿನ ಜಾವ ಎದ್ದು ಬಂದಿದ್ದಾರೆ. ಇಳಿದವರೇ ಬಾಗಿಲನ್ನು ಮೆಲ್ಲಗೆ ತಳ್ಳುತ್ತಾರೆ. ಕಿರ್‌‌‌ರ್ ಎಂದು ಅದು ಎಳೆದ ರಾಗಕ್ಕೆ ಹಜಾರದ ಆಚೆ ತುದಿಯಲ್ಲಿ ಮಲಗಿದ್ದ ಬೆಕ್ಕು ಎದ್ದು ಕೂರುತ್ತದೆ. ಅವರ ಮುಖದಲ್ಲಿ ಹಾಡುಗಾರರಿಗೆ ಶ್ರುತಿ ಕೂಡಿದಾಗ ಬರುವಂಥ ಸಮಾಧಾನ. "ಈಗ ಸರಿಹೋಯ್ತು," ಎಂದು ಲೋಟ ತೊಳೆಯಲು ಹೊರಡುತ್ತಾರೆ.

ಇವರನ್ನು ಕೋರ್ಟಿನಲ್ಲಿ ಎಲ್ಲರೂ ಬಾಗಿಲಕ್ಕ ಎನ್ನುತ್ತಾರೆ. ವಕೀಲರು, ಗುಮಾಸ್ತರು, ಕೊನೆಗೆ ನ್ಯಾಯಾಧೀಶರೂ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆಯಂತೆ. ಸಂಬಳದ ದಿನ ಬಿಟ್ಟರೆ ಅದು ಯಾರಿಗೂ ಬೇಕಾಗುವುದಿಲ್ಲ. ಕೆಲಸ ಏನು ಎಂದು ಕೇಳಿದರೆ, "ಕೂತಿರೋದು," ಎನ್ನುತ್ತಾರೆ. ಅದೂ ನಿಜವೇ. ಚೇಂಬರಿಗೆ ಇರುವುದು ಒಂದೇ ಬಾಗಿಲು. ಅದು ತೆರೆಯುವುದು ಕಕ್ಷಿದಾರರು ಕಾದು ಕೂರುವ ಹಜಾರಕ್ಕೆ. ಎದುರಿಗೇ ಕೋರ್ಟ್ ಹಾಲ್. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಬೆಳಗಿನಿಂದ ಸಂಜೆಯವರೆಗೆ ಬಾಗಿಲಕ್ಕ.

ಕುತೂಹಲ ನನಗೆ ಹುಟ್ಟುಗುಣ. ಮುಚ್ಚಿದ ಬಾಗಿಲು ಕಂಡರೆ ಒಳಗೇನಿದೆ ಎಂದು ನೋಡದಿದ್ದರೆ ಊಟ ಸೇರುವುದಿಲ್ಲ. ಮೊದಲ ದಿನವೇ, "ಜಡ್ಜ್ ಮೇಡಂ ಜೊತೆ ಎರಡು ನಿಮಿಷ ಮಾತಾಡಬೇಕಿತ್ತು," ಎಂದು ಬಾಗಿಲಿಗೆ ಕೈಹಾಕಿದೆ. ಬಾಗಿಲಕ್ಕ ಎದ್ದು ನಿಂತರು. ತಡೆಯಲಿಲ್ಲ, ಗದರಲೂ ಇಲ್ಲ.

"ಎದುರುಗಡೆಯವರು ಎಲ್ಲಿ?" ಎಂದರು.

"ನನ್ನದು ಕೇಸೇನಿಲ್ಲ. ನಾನು ಪೇಪರಿನವನು."

"ಹಾಗಾದ್ರೆ ಒಳಗೆ ಕೆಲಸಾನೂ ಇಲ್ಲ. ಕೂತ್ಕೊಳ್ಳಿ, ಟೀ ಬರುತ್ತೆ."

ಕೂತುಕೊಂಡೆ. ಆಮೇಲೆ ತಿಳಿಯಿತು, ಈ ಒಂದು ಪ್ರಶ್ನೆಯೇ ಅವರ ಇಡೀ ನೌಕರಿ. ದಿನಕ್ಕೆ ಎಪ್ಪತ್ತು ಎಂಬತ್ತು ಕೇಸು ಕೂಗುವ ಕೋರ್ಟು ಇದು. ಹೆಚ್ಚುಕಮ್ಮಿ ಪ್ರತಿ ಕೇಸಿನಲ್ಲೂ ಒಬ್ಬರಿಗಾದರೂ ನ್ಯಾಯಾಧೀಶರ ಕಿವಿಯಲ್ಲಿ ಒಂದು ಮಾತು ಹೇಳುವ ಆಸೆ. ಕೆಲವರು ಹಳೆಯ ಪರಿಚಯ ಎನ್ನುತ್ತಾರೆ. ಕೆಲವರು ಆರೋಗ್ಯ ವಿಚಾರಿಸಲು ಬಂದೆ ಎನ್ನುತ್ತಾರೆ. ಇನ್ನು ಕೆಲವರು ಏನೂ ಹೇಳದೆ, ದೊಡ್ಡ ಕಚೇರಿಯೊಂದರ ಹೆಸರು ಮಾತ್ರ ಉಸುರಿ ನಿಲ್ಲುತ್ತಾರೆ. ಎಲ್ಲರಿಗೂ ಒಂದೇ ಪ್ರಶ್ನೆ. ಎದುರು ಪಕ್ಷದವರನ್ನು ಕರೆದುಕೊಂಡು ಬಂದರೆ ಇಬ್ಬರಿಗೂ ಬಾಗಿಲು ತೆರೆಯುತ್ತದೆ. ಒಬ್ಬರೇ ಬಂದರೆ ಬೆಂಚು ತೋರಿಸುತ್ತಾರೆ.

"ಬೈಯೋರು ಇಲ್ವಾ?"

"ಬೈತಾರೆ. ನಿನ್ನ ಕೆಲಸ ತೆಗೆಸ್ತೀನಿ ಅಂತಾರೆ. ತೆಗೆಸಿ, ಆದ್ರೆ ಆ ಅರ್ಜೀನೂ ಇದೇ ಬಾಗಿಲಿಂದ ಒಳಗೆ ಹೋಗ್ಬೇಕು ಅಂತೀನಿ. ನಕ್ಕುಬಿಡ್ತಾರೆ. ನಗಲಿಲ್ಲ ಅಂದ್ರೆ ನಾನೇ ನಗ್ತೀನಿ."

ಬಾಗಿಲಕ್ಕ ಈ ಕೋರ್ಟಿಗೆ ಬಂದದ್ದು ಕಸ ಗುಡಿಸಲು. ಆಗ ಈ ಸ್ಟೂಲಿನ ಮೇಲೆ ಕೂರುತ್ತಿದ್ದವರು ದೊಡ್ಡ ಮೀಸೆಯ ಮುದುಕರೊಬ್ಬರು. ಅವರಿಗೆ ಮೀಸೆತಾತ ಎಂದೇ ಹೆಸರು. ಒಂದು ದಿನ, ಬಾಗಿಲು ಹೀಗೆ ಅರಚುತ್ತದಲ್ಲ ಎಂದು ಈಕೆ ಮನೆಯಿಂದ ಎಣ್ಣೆ ತಂದರಂತೆ. ಮೀಸೆತಾತ ಬಾಟಲಿ ಕಸಿದುಕೊಂಡು ಕಿಟಕಿಯಿಂದ ಆಚೆ ಇಟ್ಟರಂತೆ.

"'ಹುಚ್ಚು ಹುಡುಗಿ, ಇದು ಕೂಗ್ಬೇಕು ಕಣೇ' ಅಂದ್ರು. 'ಒಳಗೆ ಏನು ಮಾತಾಯ್ತು ಅಂತ ಇಲ್ಲಿ ಕೂತಿರೋರಿಗೆ ಕೇಳಿಸಲ್ಲ. ಆದ್ರೆ ಯಾರೋ ಒಳಗೆ ಹೋದ್ರು ಅನ್ನೋದಾದ್ರೂ ಕೇಳಿಸ್ಬೇಕು. ಇದು ಕಿರ್ ಅಂದ್ರೆ ಎಲ್ಲರೂ ತಲೆ ಎತ್ತಿ ನೋಡ್ತಾರೆ. ಅನ್ನಲಿಲ್ಲ ಅಂದ್ರೆ ಯಾರೂ ಹೋಗಿಲ್ಲ ಅಂತ ನಿಶ್ಚಿಂತೆಯಾಗಿ ಕೂರ್ತಾರೆ.' ಅಷ್ಟೇ. ಅವರು ನಂಗೆ ಕಲಿಸಿದ್ದು ಅಷ್ಟೇ."

ನಾನು ಹಜಾರದ ಬೆಂಚಿನ ಮೇಲೆ ಕೂತು ಪರೀಕ್ಷೆ ಮಾಡಿದೆ. ಹೌದು. ಪ್ರತಿ ಕಿರ್‌ಗೂ ಬೆಂಚುಗಳ ತುಂಬ ತಲೆಗಳು ಏಳುತ್ತವೆ. ಗುಮಾಸ್ತ ಕಡತ ಹಿಡಿದು ಹೊರಬಂದರೆ ಇಳಿಯುತ್ತವೆ. ಎರಡು ಕಡೆಯ ವಕೀಲರೂ ಒಟ್ಟಿಗೆ ಹೊರಬಂದರೂ ಇಳಿಯುತ್ತವೆ. ಗೋಡೆಗೂ ಕಿವಿ ಇರುತ್ತದೆ ಎಂದು ಹೇಳಿ ನಮ್ಮನ್ನು ಹೆದರಿಸುತ್ತಾರಲ್ಲ, ಇಲ್ಲಿ ಬಾಗಿಲಿಗೆ ಬಾಯಿ ಇದೆ, ಅದರಿಂದ ಜನಕ್ಕೆ ಧೈರ್ಯ.

ನ್ಯಾಯಾಂಗದ ಸ್ವಾತಂತ್ರ್ಯ ಎಂದ ಕೂಡಲೇ ನಮ್ಮಂಥ ಬರೆಯುವವರು ಸಂವಿಧಾನ, ವಿಧಿ, ಕಲಮು ಎಂದು ಎತ್ತರದ ಮಾತಿಗೆ ಏರುತ್ತೇವೆ. ಲೋಕದ ಯಾವ ಮೂಲೆಯ ಸುದ್ದಿ ಓದಿದರೂ ಅದು ಕೆಟ್ಟದ್ದು ಇಂಥ ಎತ್ತರದಲ್ಲಲ್ಲ, ತಗ್ಗಿನಲ್ಲಿ. ಯಾರೋ ಒಬ್ಬರು ಸದ್ದಿಲ್ಲದೆ ಒಳಗೆ ಹೋಗಿಬಂದಿರುತ್ತಾರೆ, ಇಲ್ಲವೇ ಫೋನಿನಲ್ಲಿ ಒಂದು ಮಾತು ಹೇಳಿರುತ್ತಾರೆ. ಬಾಗಿಲಕ್ಕನಿಗೆ ಅದೂ ಗೊತ್ತು. ಬಹಳ ಹಿಂದೆ ಊರಿನ ದೊಡ್ಡ ಕುಳವೊಂದರ ವಿರುದ್ಧ ತೀರ್ಪು ಕೊಟ್ಟ ನ್ಯಾಯಾಧೀಶರನ್ನು ವಾರದೊಳಗೆ ದೂರದ ಊರಿಗೆ ಎತ್ತಂಗಡಿ ಮಾಡಿದ್ದರು. ಅವರ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಿದ್ದು ಇವರೇ. "ಅತ್ತುಬಿಟ್ಟೆ. ಅವರೇ ಸಮಾಧಾನ ಮಾಡಿದ್ರು. 'ನಾನು ಹೋಗ್ತೀನಮ್ಮ, ತೀರ್ಪು ಇಲ್ಲೇ ಇರುತ್ತೆ' ಅಂದ್ರು," ಎನ್ನುತ್ತಾರೆ.

"ಈಗ ಎಲ್ಲರ ಜೇಬಲ್ಲೂ ಫೋನಿದೆ. ನಿಮ್ಮ ಬಾಗಿಲಿಂದ ಏನಾಗುತ್ತೆ?" ಎಂದು ಕೆಣಕಿದೆ.

"ಫೋನು ಅವರವರ ಮನಸ್ಸಾಕ್ಷಿಗೆ ಬಿಟ್ಟಿದ್ದು, ಪೇಪರ್‌ನೋರೇ. ನಂಗೆ ಕೊಟ್ಟಿರೋದು ಬಾಗಿಲು."

ಇಲ್ಲಿಯವರೆಗೆ ಬರೆದು ಮುಗಿಸಿದ್ದರೆ ಇದೊಂದು ಚೆಂದದ ಕತೆ. ಆದರೆ ಮೂರನೆಯ ದಿನ ಒಂದು ಸಂಗತಿ ಕಂಡೆ. ಹಜಾರದ ಬೆಂಚಿನಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಕೂತಿದ್ದರು. ಅದೇ ಮೂಗು, ಅದೇ ಹಣೆ, ಸೊಂಟಕ್ಕೆ ಕೈಕೊಟ್ಟು ಕೂರುವ ಅದೇ ರೀತಿ. ಬಾಗಿಲಕ್ಕನ ಅಚ್ಚು. ಟೀ ತಟ್ಟೆ ಹಜಾರದಲ್ಲಿ ಒಂದು ಸುತ್ತು ಬಂತು. ಬಾಗಿಲಕ್ಕ ಒಂದು ಲೋಟ ತೆಗೆದು ಆ ಹೆಂಗಸಿನ ಪಕ್ಕ ಇಟ್ಟರು. ಆಕೆ ಮುಖ ಆ ಕಡೆಗೆ ತಿರುಗಿಸಿದರು. ಟೀ ಹಾಗೇ ಆರಿಹೋಯಿತು.

"ಯಾರು?" ಎಂದೆ.

"ನನ್ನ ತಂಗಿ. ಪುಟ್ಟಿ." ಬಾಗಿಲಕ್ಕ ಸ್ಟೂಲಿನ ಮೇಲೆ ಕೂತು ಸೆರಗು ಸರಿಮಾಡಿಕೊಂಡರು. "ಎರಡು ವರ್ಷ ಆಯ್ತು, ನನ್ನ ಜೊತೆ ಮಾತಿಲ್ಲ."

ಪುಟ್ಟಿಗೆ ಮಾರುಕಟ್ಟೆ ಬೀದಿಯಲ್ಲಿ ಹೊಲಿಗೆ ಅಂಗಡಿ. ಒಂದೇ ಬಾಗಿಲಿನ ಬಾಡಿಗೆ ಮಳಿಗೆ, ಎರಡು ಮಿಷನ್ನು, ಗೋಡೆಯ ತುಂಬ ನೂಲಿನ ಉಂಡೆಗಳು. ಗಂಡ ತೀರಿಕೊಂಡ ಮೇಲೆ ಮಕ್ಕಳನ್ನು ಓದಿಸಿದ್ದು ಆ ಮಳಿಗೆ. ಕಟ್ಟಡ ಕೈಬದಲಾಯಿತು. ಹೊಸ ಮಾಲೀಕ ಹಳೆಯದನ್ನು ಕೆಡವಿ ದೊಡ್ಡದು ಕಟ್ಟಬೇಕೆಂದು ಮಳಿಗೆ ತೆರವಿಗೆ ಕೇಸು ಹಾಕಿದ. ಕೇಸು ಬಂದು ಕೂತದ್ದು ಇದೇ ಬಾಗಿಲಿನ ಆಗಿನ ನ್ಯಾಯಾಧೀಶರ ಮುಂದೆ.

ಪುಟ್ಟಿ ಒಂದು ಬೆಳಿಗ್ಗೆ ಸೀದಾ ಅಕ್ಕನ ಬಳಿಗೆ ಬಂದಳು. "ಅಕ್ಕ, ಸಾಹೇಬ್ರು ದಿನಾ ನಿನ್ನ ಕೈಲೇ ನೀರು ಕುಡೀತಾರೆ. ಒಂದು ಮಾತು ಹೇಳು, ಸಾಕು," ಎಂದಳು. ಬಾಗಿಲಕ್ಕನ ಬಾಯಿಗೆ ಬಂದದ್ದು ಅಭ್ಯಾಸದ ಮಾತು.

"ಎದುರುಗಡೆಯವರು ಎಲ್ಲಿ ಅಂತ ಕೇಳ್ಬಿಟ್ಟೆ. ಒಡಹುಟ್ಟಿದವಳಿಗೆ. ಅವಳ ಮುಖ ನೋಡ್ಬೇಕಿತ್ತು ನೀವು. ಕೆನ್ನೆಗೆ ಹೊಡೆದಿದ್ರೂ ಹಾಗಾಗ್ತಿರಲಿಲ್ಲ."

ಅಷ್ಟಕ್ಕೇ ನಿಲ್ಲಿಸಲಿಲ್ಲ ಈ ಮಹಾತಾಯಿ. ಅಂದೇ ನ್ಯಾಯಾಧೀಶರಿಗೆ, ಈ ಕೇಸಿನ ಬಾಡಿಗೆದಾರಳು ನನ್ನ ಸ್ವಂತ ತಂಗಿ ಎಂದು ಹೇಳಿದರು. ನ್ಯಾಯಾಧೀಶರು ಅದನ್ನು ತುಂಬಿದ ಕೋರ್ಟಿನಲ್ಲಿ ಎರಡೂ ಕಡೆಗೆ ತಿಳಿಸಿದರು. ಮಾಲೀಕನ ವಕೀಲರು ತಕರಾರು ತೆಗೆದರು. ಕೇಸು ಮುಗಿಯುವವರೆಗೆ ಬಾಗಿಲಕ್ಕನನ್ನು ಹಿಂದಿನ ದಸ್ತಾವೇಜು ಕೋಣೆಗೆ ಹಾಕಿದರು. ಬಾಗಿಲಿಗೆ ಕೋರ್ಟಿನ ತೋಟದ ಮಾಲಿ ಬಂದರು.

ಮಾಲಿಯನ್ನು ನಾನು ನೋಡಿದ್ದೇನೆ. ಇರುವೆ ಸಾಲು ಕಂಡರೆ ದಾಟಿ ನಡೆಯುವ ಮನುಷ್ಯ. ಸ್ಟೂಲಿನ ಮೇಲೆ ಕೂತ ಎರಡನೆಯ ದಿನವೇ ಅವರಿಗೆ ಬಾಗಿಲಿನ ಅರಚಾಟ ಕೇಳಿ ಕರುಳು ಚುರ್ ಎಂದಿತು. ಅಕ್ಕ ಪಾಪ ಇಷ್ಟು ವರ್ಷ ಈ ಸದ್ದು ಹೇಗೆ ಸಹಿಸಿಕೊಂಡರೋ, ವಾಪಸ್ಸು ಬರುವಷ್ಟರಲ್ಲಿ ಸರಿಮಾಡಿಡೋಣ ಎಂದು, ಹುಲ್ಲು ಕತ್ತರಿಸುವ ಯಂತ್ರದ ಎಣ್ಣೆಯನ್ನು ಮೂರು ಕೀಲಿಗೂ ಧಾರಾಳವಾಗಿ ಬಿಟ್ಟರು. ಬಾಗಿಲು ಬೆಣ್ಣೆಯಂತೆ ತಿರುಗತೊಡಗಿತು.

ಆ ಸದ್ದಿಲ್ಲದ ದಿನಗಳಲ್ಲೇ ತೀರ್ಪು ಬಂತು. ಪುಟ್ಟಿ ಸೋತಳು.

ಬೆಂಚಿನಲ್ಲಿ ಕೂತಿದ್ದ ಯಾರಿಗೂ ಬಾಗಿಲು ತೆರೆದದ್ದು ಕೇಳಿಸಿರಲಿಲ್ಲ. ಮುಚ್ಚಿದ್ದೂ ಕೇಳಿಸಿರಲಿಲ್ಲ. ಊರಿನ ಬಾಯಿಗೆ ಇಷ್ಟು ಸಾಕಲ್ಲ! ಮಾಲೀಕನ ಕಾರು ಕೋರ್ಟಿನ ಹಿಂದೆ ನಿಂತಿತ್ತು ಎಂದು ಒಬ್ಬರು, ಬಾಗಿಲಿಗೆ ಬೇಕೆಂದೇ ಎಣ್ಣೆ ಹಾಕಿಸಿದರು ಎಂದು ಇನ್ನೊಬ್ಬರು. ಬೆಂಕಿ ಇಲ್ಲದೆ ಹೊಗೆ ಆಡುತ್ತದೆಯೇ ಎಂದು ಮತ್ತೊಬ್ಬರು. ಮಾಲಿ ಕಣ್ಣೀರಿಟ್ಟು ಹೇಳಿದರು: "ದೇವರಾಣೆಗೂ ಒಬ್ಬರನ್ನೂ ಒಂಟಿಯಾಗಿ ಒಳಗೆ ಬಿಟ್ಟಿಲ್ಲ." ಬಾಗಿಲಕ್ಕ ಅದನ್ನು ನಂಬುತ್ತಾರೆ. ನಾನೂ ನಂಬುತ್ತೇನೆ. ಆದರೆ ನಂಬಬೇಕಾದವಳು ಪುಟ್ಟಿ. ಆಕೆ ಅಕ್ಕನ ಮನೆಯ ಹೊಸ್ತಿಲಲ್ಲಿ ನಿಂತು, "ನನ್ನ ಕೇಸು ಬಂದಾಗಲೇ ನೀನು ಬಾಗಿಲು ಬಿಟ್ಟು ಹೋದೆ," ಎಂದು ಹೇಳಿ ಹೊರಟವಳು ಮತ್ತೆ ಆ ಮನೆಗೆ ಕಾಲಿಡಲಿಲ್ಲ.

ಒಂದು ಕ್ಷಣ ನನಗೂ ಬಾಗಿಲಕ್ಕನ ಮೇಲೆ ಕೋಪ ಬಂತು. ಇಷ್ಟೊಂದು ನೇರ ಇರಬೇಕಿತ್ತೇ? ತಂಗಿ ಎಂದು ಹೇಳದೆ ಸುಮ್ಮನೆ ಸ್ಟೂಲಿನ ಮೇಲೆ ಕೂತಿದ್ದರೆ ಬಾಗಿಲೂ ಕೂಗುತ್ತಿತ್ತು, ತಂಗಿಯೂ ಉಳಿಯುತ್ತಿದ್ದಳು. ಇದನ್ನು ಅವರಿಗೇ ಹೇಳಿದೆ.

"ಪುಟ್ಟಿ ಗೆದ್ದಿದ್ರೆ?" ಎಂದರು ಅವರು. "ಬಾಗಿಲಲ್ಲಿ ಅಕ್ಕ ಇದ್ಲು, ಅದಕ್ಕೇ ಗೆದ್ಲು ಅನ್ನೋರು. ಆ ಮಾಲೀಕನೂ ಜೀವನಪೂರ್ತಿ ಹಾಗೇ ಅಂದ್ಕೊಳ್ಳೋನು. ಅವನೂ ಬೆಂಚಲ್ಲಿ ಕೂತಿರೋನೇ ಅಲ್ವಾ?"

ಮನೆಗೆ ಹೋದಾಗ ಅವರ ಯಜಮಾನರು ಸಿಕ್ಕಿದರು. ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುತ್ತಿದ್ದು ನಿವೃತ್ತರಾದವರು. ಅಡುಗೆ ಅವರದೇ. "ಇವಳು ಮನೇಲೂ ಬಾಗಿಲೇ ಸ್ವಾಮಿ," ಎಂದು ಸೌಟು ಆಡಿಸುತ್ತ ದೂರು ಕೊಟ್ಟರು. "ಮಗನ ಮೇಲೆ ಏನಾದ್ರೂ ಹೇಳೋಕೆ ಹೋದ್ರೆ, 'ತಡೀರಿ, ಅವನೂ ಬರ್ಲಿ' ಅಂತಾಳೆ. ಅವನು ಬರೋಷ್ಟರಲ್ಲಿ ನನ್ನ ಸಿಟ್ಟೇ ಇಳಿದಿರುತ್ತೆ." ನಕ್ಕೆವು. ಆಮೇಲೆ ಅವರು ದನಿ ತಗ್ಗಿಸಿದರು. "ಎರಡು ವರ್ಷದಿಂದ ಹೊಸ ರವಿಕೆ ಹೊಲಿಸಿಲ್ಲ ಇವಳು. ಬೇರೆಯವರ ಹತ್ರ ಅಳತೆ ಕೊಡಲ್ಲ." ಒಳಕೋಣೆಯಲ್ಲಿ ಬಾಗಿಲಕ್ಕನಿಗೆ ಇದು ಕೇಳಿಸಿರಬೇಕು. ಪಾತ್ರೆ ಜೋಡಿಸುವ ಸದ್ದು ಜೋರಾಯಿತು.

ಪುಟ್ಟಿ ಮೇಲಿನ ಕೋರ್ಟಿಗೆ ಹೋದಳು. ಎಣ್ಣೆಯ ಮಾತು ಅಲ್ಲಿ ಯಾರೂ ಕೇಳಲಿಲ್ಲ. ಒಬ್ಬ ಸಾಕ್ಷಿಯನ್ನು ಪೂರ್ತಿ ವಿಚಾರಿಸಿಲ್ಲ, ಕೇಸನ್ನು ಮತ್ತೆ ನಡೆಸಿ ಎಂದು ಇಲ್ಲಿಗೇ ಹಿಂದಕ್ಕೆ ಕಳಿಸಿದರು. ಹಳೆಯ ನ್ಯಾಯಾಧೀಶರು ಅಷ್ಟರಲ್ಲಿ ನಿವೃತ್ತರಾಗಿದ್ದರು. ಹೋಗುವ ಮುಂಚೆ ಬಾಗಿಲಕ್ಕನನ್ನು ಕರೆದು, "ನಾನು ಯಾರ ಮಾತನ್ನೂ ಕೇಳಿ ಬರೆಯಲಿಲ್ಲಮ್ಮ. ಆದರೆ ಅದನ್ನು ತೋರಿಸೋದು ಹೇಗೆ?" ಎಂದರಂತೆ. ಬಾಗಿಲಕ್ಕ ಆ ವಾರವೇ ಕೀಲುಗಳನ್ನು ಸೋಪಿನ ನೀರಿನಲ್ಲಿ ತಿಕ್ಕಿ, ಎಣ್ಣೆ ತೆಗೆದು, ಉಪ್ಪುನೀರು ಶುರುಮಾಡಿದರು. ಆ ಯಂತ್ರದ ಎಣ್ಣೆ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಬಾಗಿಲಿಗೆ ದನಿ ಮರಳಲು ಒಂದು ಮಳೆಗಾಲವೇ ಬೇಕಾಯಿತು.

ಹೊಸ ನ್ಯಾಯಾಧೀಶರು ಹೆಣ್ಣುಮಗಳು. ಕೇಸು ಮತ್ತೆ ಶುರುವಾದ ದಿನ ಅವರೂ ಕೋರ್ಟಿನಲ್ಲಿ ಎರಡೂ ಕಡೆಯವರನ್ನು ಕೇಳಿದರು: ಬಾಗಿಲಿನಲ್ಲಿರುವವರು ಬಾಡಿಗೆದಾರರ ಅಕ್ಕ, ಅವರು ಅಲ್ಲೇ ಇರಬಹುದೇ? ಮಾಲೀಕ ಈ ಸಲ ವಕೀಲರಿಗೂ ಕಾಯದೆ ತಾನೇ ಎದ್ದು ನಿಂತ. ಆತನೂ ಎರಡು ವರ್ಷ ಅನುಭವಿಸಿದ್ದ. ಗೆದ್ದಿದ್ದರೂ ಊರಿನಲ್ಲಿ ಅದನ್ನು ಗೆಲುವೆಂದು ಒಪ್ಪಿದವರಿಲ್ಲ. "ಅವರೇ ಇರಲಿ," ಎಂದ. ಎಲ್ಲರೂ ಪುಟ್ಟಿಯ ಕಡೆ ನೋಡಿದರು. ಪುಟ್ಟಿ, "ಆ ಬಾಗಿಲಿನವರು ಇರಲಿ," ಎಂದಳು. ಅಕ್ಕ ಎನ್ನಲಿಲ್ಲ.

ನಾನು ಕೋರ್ಟಿಗೆ ಹೋದ ವಾರವೇ ತೀರ್ಪಿನ ವಾರ. ಅದು ನನ್ನ ಅದೃಷ್ಟ.

ತೀರ್ಪಿನ ದಿನ ಬಾಗಿಲಕ್ಕ ಎಂದಿಗಿಂತ ಬೇಗ ಬಂದಿದ್ದರು. ಮಾತಿಗೆ ಎಳೆಯಲು ನೋಡಿದೆ. ಇನ್ನು ಕೆಲವೇ ತಿಂಗಳಿಗೆ ನಿವೃತ್ತಿ. ಕೋರ್ಟು ಹೊಸ ಕಟ್ಟಡಕ್ಕೆ ಹೋಗುತ್ತದೆ. ಅಲ್ಲಿನ ಬಾಗಿಲುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ, ಉಸಿರಿನಷ್ಟೂ ಸದ್ದಿಲ್ಲ. ಅವರು ಹೋಗಿ ನೋಡಿ ಬಂದಿದ್ದಾರೆ. "ಬಾಗಿಲು ಚೆನ್ನಾಗಿದೆ, ನಂಗೆ ಇಷ್ಟ ಆಗ್ಲಿಲ್ಲ. ಈ ಹಳೇ ಬಾಗಿಲು ಬಿಚ್ಚಿ ಅಲ್ಲಿ ಹಾಕಿ ಅಂತ ಮೇಡಂಗೆ ಅರ್ಜಿ ಕೊಟ್ಟಿದ್ದೀನಿ. ನಂಗೆ ಹಾರ ತುರಾಯಿ ಬೇಡ. ಅದೊಂದು ಆಗ್ಲಿ."

ಕೋರ್ಟು ಕೂತಿತು. ಪುಟ್ಟಿ ಮುಂದಿನ ಸಾಲಿನಲ್ಲಿ, ಮಾಲೀಕ ಅದೇ ಸಾಲಿನ ಇನ್ನೊಂದು ತುದಿಯಲ್ಲಿ. ತೆರೆದಿಟ್ಟ ಕೋರ್ಟ್ ಹಾಲ್‌ನ ಬಾಗಿಲಿನಿಂದ ಬಾಗಿಲಕ್ಕನಿಗೆ ತಂಗಿಯ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನನ್ನೇ ನೋಡುತ್ತ ಕೂತಿದ್ದರು. ನಾನು ಇಬ್ಬರ ನಡುವೆ ಕತ್ತು ಹೊರಳಿಸಿ ಹೊರಳಿಸಿ ನೋಯಿಸಿಕೊಂಡೆ. ಸಾಕ್ಷಿಯ ಮಾತನ್ನು ಒಂದೊಂದಾಗಿ ಎತ್ತಿಕೊಂಡು ನ್ಯಾಯಾಧೀಶರು ಓದುತ್ತಾ ಹೋದರು.

ಪುಟ್ಟಿ ಮತ್ತೆ ಸೋತಳು. ಹೊಸ ಜಾಗ ಹುಡುಕಿಕೊಳ್ಳಲು ಒಂದು ವರ್ಷದ ಸಮಯ ಸಿಕ್ಕಿತು, ಅಷ್ಟೇ.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎನ್ನುವ ಮಾತು ಹಳೆಯದು. ಎರಡು ಸಲ ಸೋತವಳ ಗತಿ ಏನು? ಕೋರ್ಟ್ ಹಾಲ್ ಖಾಲಿಯಾಯಿತು. ಮಾಲೀಕ ಹೋದ. ನ್ಯಾಯಾಧೀಶರು ಚೇಂಬರಿಗೆ ನಡೆದರು, ಬಾಗಿಲು ಕಿರ್ ಎಂದಿತು. ಪುಟ್ಟಿ ಹೊರಬಂದವಳು ಹಜಾರದ ಬೆಂಚಿನ ಮೇಲೆ ಕುಸಿದು ಕೂತಳು. ಬಾಗಿಲಕ್ಕ ಸ್ಟೂಲು ಬಿಟ್ಟು ಏಳಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಪುಟ್ಟಿ ಎದ್ದಳು. ಮೆಟ್ಟಿಲ ಕಡೆಗೆ ಹೋಗುತ್ತಾಳೆ ಅಂದುಕೊಂಡೆ. ಇಲ್ಲ, ಸೀದಾ ಚೇಂಬರಿನ ಬಾಗಿಲಿಗೆ ಬಂದಳು. ಯಾರೇ ಬಂದರೂ ಏಳುವಂತೆ ಬಾಗಿಲಕ್ಕ ಎದ್ದು ನಿಂತರು. ಬಾಯಿ ತೆರೆದರು. ಆ ಪ್ರಶ್ನೆ ತುಟಿಯವರೆಗೆ ಬಂದು ನಿಂತದ್ದು ನನಗೇ ಕಾಣಿಸಿತು.

"ಕೇಳು, ಕೇಳು," ಎಂದಳು ಪುಟ್ಟಿ. "ಎದುರುಗಡೆಯವರು ಎಲ್ಲಿ ಅಂತ ತಾನೇ? ಇವತ್ತು ಎದುರುಗಡೆಯವಳು ನೀನೇ ಕಣೇ ಅಕ್ಕ."

ಬಾಗಿಲಕ್ಕ ತಂಗಿಯ ಕೈ ಹಿಡಿದುಕೊಂಡರು. ಇಬ್ಬರೂ ಅತ್ತರು. ನಾನು ಬೆಕ್ಕನ್ನು ನೋಡುವವನಂತೆ ಆ ಕಡೆ ತಿರುಗಿದೆ, ಆದರೆ ಕಿವಿ ಮುಚ್ಚಿಕೊಳ್ಳಲಿಲ್ಲ.

"ಈ ಕೇಸು ನಡೆದಷ್ಟು ದಿನವೂ ಈ ಬೆಂಚಲ್ಲೇ ಕೂತಿದ್ದೆ ಅಕ್ಕ. ಬಾಗಿಲು ಕಿರ್ ಅಂದಾಗೆಲ್ಲ ಎದೆ ಹೊಡ್ಕೊಂಡು ತಲೆ ಎತ್ತಿ ನೋಡಿದೆ. ಒಂದ್ಸಲಾನೂ ಅವನು ಒಬ್ಬನೇ ಹೋಗ್ಲಿಲ್ಲ."

"ಹೋಗಿಲ್ಲ."

"ಹಾಗಾದ್ರೆ ನಾನು ನಿಜವಾಗ್ಲೂ ಸೋತಿದ್ದು."

"ಹೂಂ ಪುಟ್ಟಿ."

ಪುಟ್ಟಿ ಸೆರಗಿನಿಂದ ಮುಖ ಒರೆಸಿಕೊಂಡಳು. ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತೋಳಿನ ಹತ್ತಿರ ಬಿಟ್ಟುಹೋದ ಹೊಲಿಗೆಯನ್ನು ಬೆರಳಿನಿಂದ ಎಳೆದಳು. "ಇದೇನಿದು ಅವತಾರ? ಭಾನುವಾರ ಅಂಗಡಿಗೆ ಬಾ. ಮಿಷನ್ನು ಸಾಗಿಸೋಕೆ ಮುಂಚೆ ನಿಂದೊಂದು ಅಳತೆ ತಗೋತೀನಿ."

ಆಕೆ ಮೆಟ್ಟಿಲಿಳಿದು ಹೋದಳು. ಬಾಗಿಲಕ್ಕ ಸ್ಟೂಲಿನ ಮೇಲೆ ಕೂತು ಮೂಗು ಒರೆಸಿಕೊಳ್ಳುವಷ್ಟರಲ್ಲಿ, ಕೋಟು ಹಾಕಿದ ವಕೀಲರೊಬ್ಬರು ದಾಪುಗಾಲು ಹಾಕುತ್ತ ಬಂದು ಬಾಗಿಲಿಗೆ ಕೈಯಿಟ್ಟರು. ಬಾಗಿಲಕ್ಕ ಎದ್ದು ನಿಂತರು. ಕಣ್ಣು ಇನ್ನೂ ಒದ್ದೆ. ದನಿ ಮಾತ್ರ ಎಂದಿನಂತೇ ಇತ್ತು.

"ಎದುರುಗಡೆಯವರು ಎಲ್ಲಿ?"